ಚಾಕೊಲೇಟಿಗೆ ಮುಯ್ಯಿ

ನನ್ನ ಕಾಲಿಗೆ ಚಕ್ರವಿದೆ ಎನ್ನುತ್ತಾರೆ. ಪ್ರವಾಸಿಗರ ಗುಂಪುಗಳನ್ನು ದೇಶದಿಂದ ದೇಶಕ್ಕೆ ಸಾಗಿಸುವುದೇ ನನ್ನ ಕೆಲಸ. ಮಾರೇನಹಳ್ಳಿಯ ಬಾಡಿಗೆ ಮನೆಯಲ್ಲಿ ಎರಡು ವಾರ ಕೂತರೆ ಸೂಟ್‌ಕೇಸೇ ನನ್ನನ್ನು ಗುರಾಯಿಸತೊಡಗುತ್ತದೆ. ಆದರೆ ಪ್ರೇಮಿಗಳ ದಿನದ ಮಜಾ ನೋಡಲು ವಿಮಾನ ಹತ್ತಬೇಕಿಲ್ಲ. ಮಾಗಡಿ ರಸ್ತೆಯ ಬಸ್ಸು ಹತ್ತಿದರೆ ಸಾಕು.

ಕರಡಿಗೆ ಟಿಕೆಟ್

ಹೋದ ಫೆಬ್ರವರಿ ಹದಿನಾಲ್ಕರಂದು ನಮ್ಮ ಓನರ್ ಆಂಟಿಯ ಜೊತೆ ಬಸ್ಸಿನಲ್ಲಿದ್ದೆ. ಕಾಮಾಕ್ಷಿಪಾಳ್ಯದಲ್ಲಿ ಒಬ್ಬ ಹುಡುಗ ತನಗಿಂತ ದಪ್ಪದ ಕರಡಿ ಗೊಂಬೆಯನ್ನು ಅಪ್ಪಿಕೊಂಡು ಹತ್ತಿದ, ಅದನ್ನು ಪಕ್ಕದ ಸೀಟಿನಲ್ಲಿ ಕೂರಿಸಿದ.

"ಇದಕ್ಕೂ ಟಿಕೆಟ್ ತಗೋ ಗುರು," ಅಂದರು ಕಂಡಕ್ಟರ್.

"ಗೊಂಬೆ ಸಾರ್!"

"ಪಿಂಕ್ ರಿಬ್ಬನ್ ಕಟ್ಟಿದೀಯ. ಹೆಣ್ಣಾ? ಹೆಣ್ಣಾದ್ರೆ ಫ್ರೀ. ಆಧಾರ್ ತೋರ್ಸು."

ಇಡೀ ಬಸ್ಸು ನಕ್ಕಿತು. ಹುಡುಗ ನಾಚಿಕೊಂಡು ಕರಡಿಯನ್ನು ಮತ್ತೆ ತೊಡೆಗೆ ಎಳೆದುಕೊಂಡ. ಆಂಟಿ ಮಾತ್ರ ನಗಲಿಲ್ಲ. "ನಮ್ಮನೆಯವ್ರು ಮದುವೆಯಾದಾಗಿಂದ ಒಂದು ಮೊಳ ಹೂವೂ ಕೈಯಾರೆ ಕೊಟ್ಟಿಲ್ಲ ಕಣೇ. ಸಾಯೋದ್ರೊಳಗೆ ಒಂದೇ ಒಂದ್ಸಲ ಕೊಟ್ರೆ ಸಾಕು," ಎಂದು ನಿಟ್ಟುಸಿರು ಬಿಟ್ಟರು. "ಆ ಕರಡಿ ಪುಣ್ಯ ನೋಡು!"

ಜಪಾನಿನವರೂ ನಮ್ಮವರೇ

ಸಮಾಧಾನಕ್ಕೆಂದು ನಾನು ಜಪಾನಿನ ಕತೆ ತೆಗೆದೆ. "ಅಲ್ಲಿ ಇವತ್ತು ಹೆಂಗಸ್ರೇ ಗಂಡಸ್ರಿಗೆ ಚಾಕೊಲೇಟ್ ಕೊಡ್ತಾರೆ ಆಂಟಿ. ಮಾರ್ಚ್ ಹದಿನಾಲ್ಕಕ್ಕೆ ಗಂಡಸ್ರು ವಾಪಸ್ ಏನಾದ್ರೂ ಕೊಡಬೇಕು. ಬಿಳೀದಾದ್ರೆ ಶ್ರೇಷ್ಠ."

"ಅಯ್ಯೋ, ಇದು ಮುಯ್ಯಿ ಅಲ್ವೇನೇ! ಅವರು ನಮ್ಮನೆ ಮದುವೇಲಿ ಸೀರೆ ಇಟ್ರೆ, ಅವರ ಮನೆ ಮದುವೇಲಿ ನಾವು ಇಡಲ್ವಾ, ಹಂಗೆ! ಮುಯ್ಯಿ ವಿಷಯದಲ್ಲಿ ನಿಮ್ಮ ಅಂಕಲ್ ಒಂದ್ಸಲಾನೂ ತಪ್ಪಿದವರಲ್ಲ."

ಸಂಜೆಯೇ ಆಂಟಿ ಅಂಕಲ್ ಮುಂದೆ ಚಾಕೊಲೇಟ್ ಡಬ್ಬಿ ಇಟ್ಟು ನಿಯಮ ವಿವರಿಸಿದರು. ಅಂಕಲ್‌ಗೆ ಸಕ್ಕರೆ ಕಾಯಿಲೆ. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದರು: "ಇಷ್ಟು ವರ್ಷ ಸಪ್ಪೆ ಕಾಫಿ, ಇವತ್ತು ಇದು. ಬೀರುನಲ್ಲಿ ನನ್ನ ಇನ್ಶೂರೆನ್ಸ್ ಪೇಪರ್ ಏನಾದ್ರೂ ಸಿಕ್ತಾ?"

ಬಿಳೀದು ಅಂದ್ರೆ

ಮಾರ್ಚ್ ಮೊದಲ ವಾರ ನಾನು ಹನೋಯ್‌ನಲ್ಲಿ, ನಮ್ಮ ಗುಂಪಿನವರಿಗೆ ಮೊಸರನ್ನ ಹುಡುಕುತ್ತಿದ್ದೆ. ಅಂಕಲ್ ಫೋನ್ ಮಾಡಿದರು.

"ಏನಮ್ಮಾ, ಈ ಜಪಾನ್ ಮುಯ್ಯಿಗೆ ಬಿಳಿ ಸೀರೆ ನಡೆಯುತ್ತಾ?"

"ನೀವು ಇರೋ ತನಕ ಬೇಡ ಅಂಕಲ್."

"ಹಂಗಾದ್ರೆ ಪಂಚೆ," ಎಂದು ಫೋನಿಟ್ಟರು. ಉಡೋರು ಯಾರು ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಉಲ್ಲಾಳದಿಂದ ಬಂದ ಗಾಡಿ

ಮಾರ್ಚ್ ಹದಿನಾಲ್ಕಕ್ಕೆ ಊರಲ್ಲಿ ಇರಲೇಬೇಕೆಂದು ಆಂಟಿ ಆಣೆ ಹಾಕಿಸಿದ್ದರು. ಬೆಳಗ್ಗೆಯೇ ಹೊಸ ಸೀರೆ ಉಟ್ಟು ಕೂತರು. ಅಂಕಲ್ ಒಂದು ಚೀಲ ಹಿಡಿದು ಎಲ್ಲಿಗೋ ಹೋದರು, ಬರಿಗೈಯಲ್ಲಿ ಬಂದು ಪೇಪರ್ ಓದತೊಡಗಿದರು.

"ರೀ, ನನ್ನ ಮುಯ್ಯಿ?"

"ಕೊಟ್ಟಾಯ್ತಲ್ಲ! ಒಂದೇ ಮನೆಯೊಳಗೆ ಮುಯ್ಯಿ ಎಲ್ಲಾದ್ರೂ ಉಂಟೇನೆ? ಅದು ಹೋಗೋದು ತವರುಮನೆಗೆ. ಇಲ್ಲೇ ಹತ್ತಿರದ ಉಲ್ಲಾಳಕ್ಕೆ ಹೋಗಿ ನಿನ್ನ ತಮ್ಮಂಗೆ ಪಂಚೆ, ಹಣ್ಣು ಕೊಟ್ಟು ಬಂದೆ."

ಆಂಟಿಯ ಕಣ್ಣು ತುಂಬಿತು. ಅಷ್ಟರಲ್ಲಿ ಗೇಟಿನ ಮುಂದೆ ಗಾಡಿ ಬಂದು ನಿಂತಿತು. ತಮ್ಮ ಇಳಿದ, ಅವನ ಹೆಂಡತಿ ಇಳಿದಳು, ಹಿಂದೆಯೇ ಪಂಚಾಯ್ತಿಗೆಂದು ಊರಿನ ಹಿರಿಯರೊಬ್ಬರು ಇಳಿದರು.

"ಭಾವ, ನಮ್ಮಕ್ಕ ಏನ್ ತಪ್ಪು ಮಾಡಿದ್ಲು? ಯಾವತ್ತೂ ಒಬ್ರೇ ಬರದೋರು ಬಂದ್ರಿ, ಪಂಚೆ ಕೊಟ್ಟು 'ಇನ್ನು ನಿಮ್ಮನೆ ಬಾಕಿ ಏನೂ ಉಳೀಲಿಲ್ಲ' ಅಂದ್ರಿ, ಕಾಫಿ ಕೂಡ ಕುಡೀದೆ ಹೊರಟ್ರಿ. ಅವಳನ್ನ ವಾಪಸ್ ಕಳಿಸ್ತೀರಾ?"

ಅಂಕಲ್ ಜಪಾನ್ ಅಂದರು, ಚಾಕೊಲೇಟ್ ಅಂದರು. ಹಿರಿಯರು ಕೈಯೆತ್ತಿ ತಡೆದರು. "ಅದೆಲ್ಲ ಬೇಡ. ಮನಸ್ತಾಪ ಇಲ್ಲ ಅಂದ್ರೆ ನಮ್ಮ ಕಣ್ಣೆದುರಿಗೇ ಅವಳಿಗೆ ಹೂ ಮುಡ್ಸಪ್ಪ." ತಮ್ಮನ ಹೆಂಡತಿ ತಂದಿದ್ದ ಮಲ್ಲಿಗೆ ದಂಡೆಯನ್ನು ತಾವೇ ಅಂಕಲ್ ಕೈಗಿಟ್ಟರು.

ಅಂಕಲ್ ಮುಡಿಸಲು ಹೋದರು. ಪಿನ್ನು ಎರಡು ಸಲ ತಲೆಗೇ ಚುಚ್ಚಿತು. ಆಂಟಿ ತಲೆಯನ್ನು ಇನ್ನಷ್ಟು ಬಗ್ಗಿಸಿ ಕೊಟ್ಟರು.

ಅವರಿಗೆಲ್ಲ ಊಟ ಹಾಕಿ ಕಳಿಸಿದ ಮೇಲೆ, ಕಿವಿಯ ಮೇಲೆ ಜೋತಾಡುತ್ತಿದ್ದ ದಂಡೆಯನ್ನು ಸವರುತ್ತಾ ಆಂಟಿ ನನ್ನನ್ನು ಮೆಲ್ಲಗೆ ಕೇಳಿದರು: "ಏಪ್ರಿಲ್ ಹದಿನಾಲ್ಕಕ್ಕೂ ಯಾವ್ದಾದ್ರೂ ದೇಶದಲ್ಲಿ ಏನಾದ್ರೂ ಇದೆಯೇನೇ?"

"ಕೊರಿಯಾದಲ್ಲಿದೆ ಆಂಟಿ. ಜೋಡಿ ಇಲ್ಲದ ಒಂಟಿ ಜನ ಕೂತು ಕಪ್ಪು ನೂಡಲ್ಸ್ ತಿಂತಾರೆ."

ಆಂಟಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಹಂಗಾದ್ರೆ ಅದು ನಿನ್ನ ಹಬ್ಬ. ಮಾಡು, ನಾವಿಬ್ರೂ ಊಟಕ್ಕೆ ಬರ್ತೀವಿ."