ರಬಾಳೆಗೆ ಹೊರಟ ರೊಟ್ಟಿ

ಕೈಲಾಸನ ಪಿಕಪ್ ಗಾಡಿಗೆ ದಸರಾ ಹಬ್ಬದ ಮರುದಿನವೇ ದಮ್ಮು ಹತ್ತಿತು. ಬೇರೆ ಯಾವ ದಿನ ಹತ್ತಿದ್ದರೂ ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವತ್ತು ಮಾತ್ರ ಅವನ ಪಕ್ಕದಲ್ಲಿ ಹೆಂಡತಿ ಕಾಳವ್ವ ತೊಡೆಯ ಮೇಲೆ ರೊಟ್ಟಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

ರಬಾಳೆಯ ಕಾರ್ಖಾನೆಯೊಂದರಲ್ಲಿ ಕ್ಯಾಂಟೀನು ನಡೆಸುವ ಉಡುಪಿಯ ತಾರಾನಾಥ, "ಮಧ್ಯಾಹ್ನದ ಊಟದ ಗಂಟೆಯೊಳಗೆ ಜೋಳದ ರೊಟ್ಟಿ ತನ್ನಿ ಅಕ್ಕ. ಜನರಿಗೆ ರುಚಿ ಹಿಡಿದರೆ ದಿನಾ ನಿಮ್ಮದೇ" ಎಂದಿದ್ದ. ಮರಾಠಿ ನಾಡಿನ ಕಳವಾ ಎಂಬ ಊರಿನ ಒಂದು ಕೋಣೆಯ ಮನೆಯಲ್ಲಿ ಇಷ್ಟು ವರ್ಷ ರೊಟ್ಟಿ ಬಡಿದ ಕಾಳವ್ವನನ್ನು ಹೊರಗಿನವರು ಕರೆದು ಕೇಳಿದ್ದು ಇದೇ ಮೊದಲು. ಹಬ್ಬದ ಸೀರೆಯನ್ನೇ ಮತ್ತೆ ಉಟ್ಟು ಬಂದಿದ್ದಳು. ಆ ಮುಖ ನೋಡಿದರೆ ಕೈಲಾಸನಿಗೆ ತಮ್ಮ ಮದುವೆಯ ದಿನ ನೆನಪಾಗುತ್ತಿತ್ತು.

ವಿಟಾವಾ ದಾಟುವಷ್ಟರಲ್ಲಿ ಗಾಡಿ ಎರಡು ಸಲ ಮುಗ್ಗರಿಸಿ ನಿಂತೇಬಿಟ್ಟಿತು. ಹಿಂದೆ ಹತ್ತಿಕೊಂಡಿದ್ದ ಪಕ್ಕದ ಮನೆಯ ಶಶಿಕಾಂತ್ ಧೊಪ್ಪನೆ ಕೆಳಗೆ ಹಾರಿದ. ಅವನು ಆಫೀಸಿನ ಗುಮಾಸ್ತ, ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಇಂಜಿನ್ ಪಂಡಿತನಾದವನು.

"ಡೀಸೆಲ್ ಪ್ರೆಶರ್ ಇಳದೈತಿ, ಕೈಲಾಸಣ್ಣ. ಫಿಲ್ಟರ್ ಚೋಕ್! ಬಾನೆಟ್ ಎತ್ತು."

ಫಿಲ್ಟರಿನ ಮೇಲಿದ್ದ ಕೈಪಂಪನ್ನು ಎಮ್ಮೆಯ ಹಾಲು ಕರೆಯುವವನಂತೆ ಒತ್ತತೊಡಗಿದ. ಅಷ್ಟರಲ್ಲಿ ಜಯೇಶ್ ಎಂಬ ರಿಕ್ಷಾದವನೊಬ್ಬ ಕರೆಯದೇ ಬಂದ. "ಅರೇ ಭಾವೂ, ಡಿಝೆಲ್‌ಮಧ್ಯೇ ಪಾಣೀ ಆಹೇ!" ಎಂದು, ಡೀಸೆಲಿನಲ್ಲಿ ನೀರು ಸೇರಿದೆಯೆಂದು ಮರಾಠಿಯಲ್ಲಿ ಸಾರುತ್ತಾ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ, ಮತ್ತೆ ಹಾಕಿದ. ಕೈಲಾಸ ಕೀಲಿ ತಿರುಗಿಸಿದರೆ ಗಾಡಿ ಗುರ್ರೆಂದಿತು!

"ನೋಡಿದ್ಯಾ ನನ್ನ ಪಂಪು!" ಎಂದ ಶಶಿಕಾಂತ್. ಜಯೇಶ್ ತನ್ನ ಕೈಗುಣವೆಂದು ಎದೆ ತಟ್ಟಿಕೊಂಡ. ಇಬ್ಬರೂ ಜಗಳಾಡುವ ಮುಂಚೆ ಕೈಲಾಸ ಗಾಡಿ ಓಡಿಸಿದ.

ಐರೋಲಿಯಲ್ಲಿ ಮತ್ತೆ ಅದೇ ಹಾಡು. ಶಶಿಕಾಂತ್ ಬೆವರು ಸುರಿಸಿ ಪಂಪು ಒತ್ತಿದರೂ ಗಾಡಿ ಜಪ್ಪಯ್ಯ ಅನ್ನಲಿಲ್ಲ. ತಾರಾನಾಥನ ಫೋನು ಬಂತು.

"ಎಂತ ಮಾರಾಯ್ರೆ, ಎಲ್ಲಿದ್ದೀರಿ? ಇನ್ನೇನು ಗಂಟೆ ಹೊಡೀತದೆ. ರೊಟ್ಟಿ ಬಾರದಿದ್ರೆ ನಾನು ಅನ್ನಕ್ಕೆ ಇಡ್ತೇನೆ, ಆಯ್ತಾ?"

ಕಾಳವ್ವ ಜಗಳವಾಡಿದ್ದರೂ ಕೈಲಾಸ ತಡೆದುಕೊಳ್ಳುತ್ತಿದ್ದ. ಅವಳು ಬುಟ್ಟಿಯ ಮೇಲೆ ಸೆರಗು ಹೊದಿಸಿ, "ಆರಿದ್ರ ಬಿರುಸಾಗ್ತಾವ್ರೀ" ಎಂದಳು ಅಷ್ಟೇ.

ಕೈಲಾಸ ತಾನೇ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಸುಸ್ಸ್ ಎಂದು ಗಾಳಿ ಒಳಗೆ ನುಗ್ಗಿತು. ಮುಚ್ಚಳವನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಾನೆ, ಮೇಲೆಲ್ಲ ಬೆರಳು ದಪ್ಪದ ಅರಿಶಿಣ! ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಇಡೀ ಗಾಡಿಗೆ ವಿಭೂತಿ ಎಳೆದ ಕಾಳವ್ವ, "ಇದು ಗಾಡಿ ಬಾಯಿ, ಇದಕ್ಕ ಜಾಸ್ತಿ ಬೇಕು" ಎಂದು ಮುಚ್ಚಳಕ್ಕೆ ಅರಿಶಿಣ ಕಲಸಿ ಮೆತ್ತಿದ್ದಳು. ಅದರಲ್ಲಿ ಗಾಳಿಯಾಡುವ ಸಣ್ಣ ತೂತು ಮುಚ್ಚಿಹೋಗಿತ್ತು. ಗಾಳಿ ಒಳಗೆ ಹೋಗದಿದ್ದರೆ ಡೀಸೆಲ್ ಮುಂದೆ ಬರುವುದಾದರೂ ಹೇಗೆ? ಫಿಲ್ಟರಿನದೂ ತಪ್ಪಿಲ್ಲ, ಪಂಪಿನದೂ ತಪ್ಪಿಲ್ಲ.

"ಏನ್ ಸಿಕ್ತ್ರೀ?" ಕಾಳವ್ವ ಕಿಟಕಿಯಿಂದ ತಲೆ ಹಾಕಿದಳು.

ನಿನ್ನ ಪೂಜೆಯೇ ನಿನ್ನ ರೊಟ್ಟಿಗೆ ಅಡ್ಡ ಬಂತು ಎಂದು ಇವತ್ತು, ಈ ಮುಖಕ್ಕೆ, ಯಾವ ಬಾಯಿಂದ ಹೇಳುವುದು? ಕೈಲಾಸ ಉಗುರಿನಿಂದ ತೂತು ಕೆರೆದು, ಉಳಿದ ಅರಿಶಿಣವನ್ನೂ ಒರೆಸಿ ಹಾಕಿ, ಮುಚ್ಚಳ ಬಿಗಿದು ಬಂದು ಕೀಲಿ ತಿರುಗಿಸಿದ. ಗಾಡಿ ಗುರ್ರೆಂದಿತು.

"ಏನಿಲ್ಲ ಬಿಡು. ಗಾಡಿ ಪೂರ್ತಿ ಕೆಟ್ಟಿತ್ತು. ನಿನ್ನ ಪೂಜಿ ಕಾಯ್ತು ನೋಡು, ಚಾಲೂ ಆತು."

ಕಾಳವ್ವನ ಕಣ್ಣುಗಳು ಅರಳಿದವು. ಗಾಡಿ ಬಾಣದಂತೆ ಹೋಗಿ, ಗಂಟೆ ಹೊಡೆಯುವ ಹೊತ್ತಿಗೆ ಕ್ಯಾಂಟೀನು ಮುಟ್ಟಿತು. ಜನ ಬೆರಳು ಚೀಪಿ ಉಂಡರು. "ನಾಳೆಯಿಂದ ದಿನಾ ತನ್ನಿ ಅಕ್ಕ" ಎಂದ ತಾರಾನಾಥ. ಕಾಳವ್ವ ಅಲ್ಲೇ ಅತ್ತಳು. ಕೈಲಾಸನೂ ತಟ್ಟೆ ಹಿಡಿದು ಕೂತ. ಹೆಂಡತಿಯ ರೊಟ್ಟಿಯನ್ನು ಊರವರ ಜೊತೆ ಸಾಲಿನಲ್ಲಿ ಕೂತು ಉಣ್ಣುವ ಸುಖವೇ ಬೇರೆ.

ಉಂಡು ಹೊರಗೆ ಬಂದರೆ ಕಾಳವ್ವ ಟ್ಯಾಂಕಿನ ಪಕ್ಕ ನಿಂತಿದ್ದಳು. ಮೊಣಕೈವರೆಗೂ ಹಳದಿ.

"ಅರಿಶಿಣ ಎಲ್ಲಾ ಉದುರಿ ಹೋಗಿತ್ತ್ರೀ. ತಾರಾನಾಥಣ್ಣನ ಅಡಗಿಮನ್ಯಾಗ ಇಸಗೊಂಡು, ಈ ಸಲ ಉದುರಬಾರದಂತ ಮೈದಾ ಕೂಡಿಸಿ ಮೆತ್ತೀನಿ."

ಕೈಲಾಸ ಬಾಯಿ ತೆರೆದ. ಅವಳು ನಕ್ಕಳು. ಆಮೇಲೆ ಕದ್ದು ಕೆರೆದರಾಯಿತು ಎಂದುಕೊಂಡ. ಆದರೆ ದಾರಿಯುದ್ದಕ್ಕೂ ಅವಳು ಅವನ ತೋಳು ಬಿಡಲಿಲ್ಲ, ಅವನಿಗೂ ಬಿಡಿಸಿಕೊಳ್ಳುವ ಮನಸ್ಸಾಗಲಿಲ್ಲ.

ಐರೋಲಿ ಬರುವ ಮೊದಲೇ ಗಾಡಿ ಕೆಮ್ಮಿ ನಿಂತಿತು.

"ಸಾಲಲಿಲ್ಲ ಕಾಣತೈತ್ರೀ" ಎನ್ನುತ್ತಾ ಕಾಳವ್ವ ಸೆರಗು ಸಿಕ್ಕಿಸಿ ಇಳಿದಳು. "ಬುಟ್ಟಿಯಾಗ ಅರಿಶಿಣ ಇನ್ನೂ ಐತಿ, ತಡೀರಿ, ಮತ್ತೊಂದು ಪದರ ಮೆತ್ತತೀನಿ."