ಡಬ್ಬಿ ತೆಗೆದು ನೋಡಿದ್ಯಾ?

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ, ನನಗೆ ಬೆರಗಾಗುವ ಚಟ. ಇದು ಯಾವಾಗ ಅಂಟಿಕೊಂಡಿತೋ ಗೊತ್ತಿಲ್ಲ, ನಲವತ್ತು ದಾಟಿದ ಮೇಲೂ ಬಿಡುವ ಲಕ್ಷಣ ಕಾಣುತ್ತಿಲ್ಲ. ಅಂಗಡಿಯ ಬಾಗಿಲು ತಾನಾಗಿ ತೆರೆದುಕೊಂಡರೆ ಈಗಲೂ ಒಂದು ಕ್ಷಣ ನಿಂತು, ಮನಸ್ಸಿನಲ್ಲೇ ಅದಕ್ಕೊಂದು ಥ್ಯಾಂಕ್ಸ್ ಹೇಳಿ ಒಳಗೆ ಹೋಗುತ್ತೇನೆ. ಡಾಲಸ್‌ನ ಹೈವೇಗಳಲ್ಲಿ ಒಂದರ ತಲೆಯ ಮೇಲೊಂದು ರಸ್ತೆ ಸುತ್ತಿಕೊಂಡು ಆಕಾಶಕ್ಕೆ ಏರುವ ಜಾಗ ಬಂದರಂತೂ, ಕಟ್ಟಿದವರ ಗುಣಗಾನ ಮಾಡುತ್ತ ಮಾಡುತ್ತ ನಾನು ಇಳಿಯಬೇಕಾದ ಎಕ್ಸಿಟ್ ದಾಟಿ ಎಲ್ಲೋ ಹೋಗಿರುತ್ತೇನೆ. ಹಾಗಾಗಿ ನಮ್ಮ ಮನೆಯಲ್ಲಿ ಡ್ರೈವ್ ಮಾಡುವವಳು ನನ್ನ ಹೆಂಡತಿ ವಸುಧಾ. ಅವಳಿಗೆ ಬೆರಗಾಗುವ ಅಭ್ಯಾಸವೇ ಇಲ್ಲ. ಮದುವೆಯಾದ ಹೊಸದರಲ್ಲಿ ನನ್ನನ್ನು ಕಂಡು ಸ್ವಲ್ಪ ಬೆರಗಾಗಿತ್ತಂತೆ, ಆಮೇಲೆ ಸರಿಹೋಯಿತಂತೆ.

ಇಂಥ ನನ್ನನ್ನು ಪೂರ್ತಿ ಕೆಡಿಸಿದ್ದು ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ತೆರೆದು ಓದಿ ತಿದ್ದಬಹುದಾದ ಕೋಡ್. ಡಾಲಸ್ ಪಕ್ಕದ ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿ ವಾಸ, ಅಲ್ಲೇ ಹತ್ತಿರದ ಒಂದು ಕಂಪನಿಯ ಡೇಟಾಬೇಸುಗಳನ್ನು ಕಾಯುವುದು ನನ್ನ ಹೊಟ್ಟೆಪಾಡು. ಕೆಲವು ವರ್ಷಗಳ ಹಿಂದೆ ಯಾರ ಬಾಯಲ್ಲಿ ಕೇಳಿದರೂ ಮಷೀನ್ ಲರ್ನಿಂಗ್. ನೋಡೋಣವೆಂದು ನಾನೂ ಅಂಥದ್ದೊಂದು ಲೈಬ್ರರಿಯೊಳಗೆ ಇಣುಕಿದೆ. ಯಂತ್ರಕ್ಕೆ ಪಾಠ ಹೇಳಿಕೊಡುವವರು ಯಾರು ಬೇಕಾದರೂ ಎತ್ತಿಕೊಂಡು ಬಳಸಬಹುದಾದ ಕೋಡ್‌ನ ದೊಡ್ಡ ಉಗ್ರಾಣಕ್ಕೆ ನಮ್ಮ ಕಸುಬಿನಲ್ಲಿ ಲೈಬ್ರರಿ ಅನ್ನುತ್ತಾರೆ. ಅದನ್ನು ಬರೆದವರು ಲೋಕದ ಮೂಲೆಮೂಲೆಯವರು. ಹೆಚ್ಚಿನವರು ಒಬ್ಬರ ಮುಖ ಒಬ್ಬರು ಕಂಡವರಲ್ಲ. ಒಬ್ಬ ಬರೆದದ್ದನ್ನು ಇನ್ನೊಬ್ಬ ಸಾಲುಸಾಲಾಗಿ ಓದಿ, "ಇಲ್ಲೊಂದು ಸೊನ್ನೆ ಬಿಟ್ಟುಹೋಗಿರಬಹುದೇ, ದಯವಿಟ್ಟು ನೋಡುವಿರಾ" ಎಂದು ಕೇಳುತ್ತಾನೆ. ಬರೆದವನು ತಿದ್ದಿ ಕೃತಜ್ಞತೆ ಹೇಳುತ್ತಾನೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಾರು ಎಲ್ಲಿ ನಿಲ್ಲಿಸಬೇಕೆಂಬ ಮಾತುಕತೆ ಇಷ್ಟು ಮರ್ಯಾದೆಯಾಗಿ ನಡೆದದ್ದನ್ನು ನಾನು ಕಂಡಿಲ್ಲ. ನಾನು ಅಲ್ಲೇ ಮರುಳಾಗಿ ಬಿದ್ದುಬಿಟ್ಟೆ.

ಆ ಲೈಬ್ರರಿಗೆ ಒಂದು ಕೊರತೆಯಿತ್ತು. ತಾನಿರುವ ಕಂಪ್ಯೂಟರಿನ ಫೈಲುಗಳನ್ನು ಸೊಗಸಾಗಿ ಓದುತ್ತಿತ್ತು. ಬೇರೆ ಊರಿನ ದೊಡ್ಡ ಸ್ಟೋರೇಜಿನಲ್ಲಿರುವುದನ್ನು ಓದು ಎಂದರೆ ಮುಖ ತಿರುಗಿಸುತ್ತಿತ್ತು. ದೂರದ್ದೂ ಹತ್ತಿರದ್ದರಂತೆಯೇ ಕಾಣುವ ಹಾಗೆ ನಡುವೆ ಒಂದು ಕೊಂಡಿ ಬರೆಯಬೇಕಿತ್ತು. ಅದಕ್ಕಾಗಿ ಓದುತ್ತ ಹೋದಾಗ ಗೊತ್ತಾಯಿತು, ಅಂಥ ಸ್ಟೋರೇಜುಗಳಲ್ಲಿ ಫೋಲ್ಡರ್ ಎಂಬುದೇ ಇಲ್ಲ. ಕೋಟ್ಯಂತರ ಫೈಲುಗಳು ಒಂದೇ ಬಯಲಿನಲ್ಲಿ ಬಿದ್ದಿರುತ್ತವೆ. ಹೆಸರುಗಳ ನಡುವೆ ಒಂದು ಓರೆಗೆರೆ ಇದೆಯೆಂದು ನಾವು ಅಲ್ಲಿ ಗೋಡೆ, ಬಾಗಿಲು, ಕೋಣೆ ಎಲ್ಲವನ್ನೂ ಕಲ್ಪಿಸಿಕೊಳ್ಳುತ್ತೇವೆ. ನನಗೆ ಮೈ ಜುಮ್ಮೆಂದಿತು. ಅಡಿಗೆಮನೆಗೆ ಓಡಿ, "ವಸು, ಅಲ್ಲಿ ಫೋಲ್ಡರ್ ಅನ್ನೋದೇ ಇಲ್ವಂತೆ ಕಣೇ! ಎಲ್ಲಾ ನಮ್ಮ ಭ್ರಮೆ!" ಎಂದೆ. "ನಮ್ಮನೇಲೂ ಇಲ್ಲ. ನಿಮ್ಮ ಬಟ್ಟೆ ಪೂರ್ತಿ ಸೋಫಾ ಮೇಲಿದೆ, ಮೊದಲು ಅದನ್ನ ಎತ್ತಿಡಿ," ಎಂದಳು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಶಾರದಾ ಆಂಟಿಯ ವಿಷಯ ಹೇಳಬೇಕು. ಆಂಟಿ ಮೈಸೂರಿನಲ್ಲಿ ಹೈಸ್ಕೂಲ್ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಹ್ಯೂಸ್ಟನ್ನಿನ ಆಚೆ ಫುಲ್‌ಶೀರ್‌ನಲ್ಲಿ ಮಗಳ ಜೊತೆ ನೆಲೆಸಿದ ಮೇಲೆ, ಆಳಲು ಶಾಲೆ ಇಲ್ಲವೆಂದು ಇಡೀ ಟೆಕ್ಸಸ್ಸಿನ ಕನ್ನಡಿಗರನ್ನು ಕೈಗೆ ತೆಗೆದುಕೊಂಡಿದ್ದಾರೆ. ನಮ್ಮವರಲ್ಲಿ ಒಂದು ಪದ್ಧತಿಯಿದೆ. ಡಾಲಸ್, ಹ್ಯೂಸ್ಟನ್, ಆಸ್ಟಿನ್ ನಡುವೆ ಯಾರು ಹೊರಟರೂ ಬರಿಗೈಯಲ್ಲಿ ಹೋಗುವಂತಿಲ್ಲ. "ಶನಿವಾರ ಯಾರಾದ್ರೂ ಡಾಲಸ್ ಕಡೆ ಹೋಗ್ತಿದೀರಾ?" ಎಂದು ವಾಟ್ಸಾಪ್ ಗುಂಪಿನಲ್ಲಿ ಕೇಳುವುದೇ ತಡ, ಹುಳಿಪುಡಿ, ಕರಿಬೇವಿನ ಸಸಿ, ಹೋದ ಸಲ ಬಂದಾಗ ಮಗು ಮರೆತುಹೋದ ಒಂಟಿ ಶೂ ಎಲ್ಲವೂ ಯಾರದೋ ಕಾರಿನ ಡಿಕ್ಕಿ ಸೇರುತ್ತವೆ. ಈ ಸಾಗಾಟದ ಮುಖ್ಯ ಕಚೇರಿ ಆಂಟಿಯ ಅಡಿಗೆಮನೆ. ಡಬ್ಬಿ ತಲುಪುವ ಹೊತ್ತಿಗೆ ಸರಿಯಾಗಿ ಅವರ ಫೋನ್ ಬರುತ್ತದೆ. "ಸಿಕ್ತಾ?" "ಸಿಕ್ತು ಆಂಟಿ." "ತೆಗೆದು ನೋಡಿದ್ಯಾ? ಏನಿದೆ ಹೇಳು." ಈ ಎರಡನೆಯ ಪ್ರಶ್ನೆ ಹುಟ್ಟಿದ್ದೇ ನನ್ನಿಂದ. ಒಮ್ಮೆ ನಾನು ಮುಚ್ಚಳ ತೆಗೆಯದೆಯೇ ಸಿಕ್ತು ಎಂದುಬಿಟ್ಟಿದ್ದೆ. ಮೆಂತ್ಯದ ಹಿಟ್ಟೆಂದು ನಂಬಿ ಬಿಸಿ ಅನ್ನಕ್ಕೆ ತುಪ್ಪದ ಜೊತೆ ಕಲಸಿಕೊಂಡದ್ದು ನಮ್ಮ ಪಕ್ಕದೂರು ಫ್ಲವರ್ ಮೌಂಡ್‌ನ ಯಾರದೋ ತಲೆಗೆ ಹೊರಟಿದ್ದ ಸೀಗೆಪುಡಿ. ಎರಡನೆಯ ತುತ್ತಿಗೆ ಅನುಮಾನ ಬಂತು. ಮೊದಲನೆಯ ತುತ್ತಿಗೇ ಯಾಕೆ ಬರಲಿಲ್ಲವೆಂದು ವಸುಧಾ ಇವತ್ತಿಗೂ ಕೇಳುತ್ತಾಳೆ.

ಅಂಥದೇ ಒಂದು ಡಬ್ಬಿ ಹಿಡಿದು ಒಂದು ದಿನ ನಮ್ಮ ಬಾಗಿಲಿಗೆ ಬಂದವಳು ಶಾಹೀನ್. ಧಾರವಾಡದ ಹುಡುಗಿ, ಆಸ್ಟಿನ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಕೆಲಸದ ಮೇಲೆ ಹ್ಯೂಸ್ಟನ್‌ಗೆ ಹೋಗಿದ್ದವಳು ಗೆಳತಿಯ ಮದುವೆಗೆಂದು ಡಾಲಸ್‌ಗೆ ಹೊರಟಿದ್ದಾಳೆಂಬ ಸುಳಿವು ಆಂಟಿಗೆ ಸಿಕ್ಕಿತ್ತು, ಅಷ್ಟೇ ಸಾಕಾಯಿತು. ಅವಳ ಒಂದು ಕೈಯಲ್ಲಿ ನಮ್ಮ ಚಟ್ನಿಪುಡಿ, ಇನ್ನೊಂದು ಕೈಯಲ್ಲಿ ಟವಲಿನಲ್ಲಿ ಸುತ್ತಿದ ಒಂದು ಹಾರ್ಡ್ ಡಿಸ್ಕ್. "ಅದರಲ್ಲಿ ಏನಮ್ಮ?" ಎಂದೆ. "ಬಾವಲಿ ಅದಾವ್ರಿ ಅಂಕಲ್," ಎಂದಳು. ವಸುಧಾ ಎರಡು ಹೆಜ್ಜೆ ಹಿಂದೆ ಸರಿದಳು.

ಆಸ್ಟಿನ್‌ನ ಒಂದು ಸೇತುವೆಯ ಕೆಳಗೆ ಲಕ್ಷಗಟ್ಟಲೆ ಬಾವಲಿಗಳು ವಾಸವಾಗಿವೆ. ಶಾಹೀನ್ ಅವುಗಳ ಕೂಗನ್ನು ರೆಕಾರ್ಡ್ ಮಾಡಿ, ಯಾವುದು ಬೇಟೆಯ ಕೂಗು, ಯಾವುದು ಮರಿಯನ್ನು ಕರೆಯುವ ತಾಯಿಯ ಕೂಗು ಎಂದು ಯಂತ್ರಕ್ಕೆ ಕಲಿಸುತ್ತಿದ್ದಳು. "ಕಿವಿಗೆ ಸರಿಯಾಗಿ ಕೇಳಂಗಿಲ್ರಿ, ನಿಧಾನ ಮಾಡಿ ಕೇಳಸ್ತೀನಿ," ಎಂದು ಲ್ಯಾಪ್‌ಟಾಪ್ ತೆರೆದಳು. ಕೀಚ್ ಎಂದು ಮುಗಿಯುವ ಸದ್ದು ನಿಧಾನಗೊಂಡಾಗ ಹಕ್ಕಿಯ ಆಲಾಪದ ಹಾಗೆ ಏರಿ ಇಳಿಯಿತು. "ಇದು ತಾಯಿ ರೀ. ಕತ್ತಲಾಗ ಅಷ್ಟೂ ಮರಿಗಳ ನಡಕ ತನ್ನss ಮರಿ ಹುಡುಕತದ. ಧ್ವನಿ ಹಿಡದು ಹೋಗತದ, ಆಮ್ಯಾಲೆ ಮೂಸಿ ನೋಡತದ." ನಾನು ಇನ್ನೊಮ್ಮೆ, ಮತ್ತೊಮ್ಮೆ ಹಾಕಿಸಿ ಕೇಳಿದೆ. ಕಷ್ಟವೇನೆಂದರೆ, ಆ ರೆಕಾರ್ಡಿಂಗುಗಳೆಲ್ಲ ಹ್ಯೂಸ್ಟನ್‌ನಲ್ಲಿ ಅವಳ ಇನ್ನೊಬ್ಬ ಗೈಡ್‌ನ ಲ್ಯಾಬಿನ ಸ್ಟೋರೇಜಿನಲ್ಲಿದ್ದವು. ಆಸ್ಟಿನ್‌ನ ಕಂಪ್ಯೂಟರಿನಲ್ಲಿ ಅಷ್ಟು ಜಾಗವಿಲ್ಲ. ಮತ್ತೆ ಮತ್ತೆ ಹೋಗಿ ಒಂದು ಡಿಸ್ಕ್ ತುಂಬಿಸಿಕೊಂಡು ಬರುವುದು, ಕಲಿಸುವುದು, ಅಳಿಸುವುದು, ಪುನಃ ಹೋಗುವುದು. ಅವಳು ಬಳಸುತ್ತಿದ್ದುದು ನಾನು ಬಿದ್ದುಹೋಗಿದ್ದ ಅದೇ ಲೈಬ್ರರಿ! ನಾನು ಎದ್ದು ನಿಂತು, "ಇನ್ಮೇಲೆ ನೀನು ಡಿಸ್ಕ್ ಹೊರೋದು ಬೇಡಮ್ಮ. ಹ್ಯೂಸ್ಟನ್ನಿನ ಸ್ಟೋರೇಜನ್ನೇ ನಿನ್ನ ಕಂಪ್ಯೂಟರಿಗೆ ತಂದು ಸೇರಿಸ್ತೀನಿ," ಎಂದು ಘೋಷಿಸಿದೆ. ವಸುಧಾ ಒಳಗಿನಿಂದ ನನ್ನನ್ನೊಮ್ಮೆ ನೋಡಿದಳು. ಮನೆಯ ನಲ್ಲಿ ನಾನೇ ರಿಪೇರಿ ಮಾಡುತ್ತೇನೆಂದಾಗಲೂ ಹಾಗೇ ನೋಡಿದ್ದಳು.

ಬರೆದೆ. ನನ್ನ ಕೋಡನ್ನು ಪರೀಕ್ಷಿಸಿದ ಮಹಾಶಯನ ಹೆಸರು, ಊರು ನನಗೆ ಇಂದಿಗೂ ತಿಳಿಯದು. ಫೋಟೋ ಇರಬೇಕಾದ ಕಡೆ ಒಂದು ಟೀ ಕೆಟಲಿನ ಚಿತ್ರ ಹಾಕಿಕೊಂಡಿದ್ದ. ಕೆಟಲ್ ಹದಿನೆಂಟು ತಿದ್ದುಪಡಿ ಹೇಳಿ ಕೊನೆಗೆ ಒಪ್ಪಿತು. ಶಾಹೀನ್ ಆಸ್ಟಿನ್‌ನಲ್ಲಿ ಕೂತು ಹ್ಯೂಸ್ಟನ್ನಿನಲ್ಲಿದ್ದ ಬಾವಲಿ ಕೂಗುಗಳನ್ನು ನೇರವಾಗಿ ಯಂತ್ರಕ್ಕೆ ಕೇಳಿಸತೊಡಗಿದಳು. ನಾನು ಕೆಲವು ವಾರ ನೆಲದ ಮೇಲೆ ನಡೆಯಲಿಲ್ಲ. ಅಷ್ಟರಲ್ಲಿ ಒಂದು ಸಂಜೆ ಅವಳ ಫೋನ್ ಬಂತು.

"ಅಂಕಲ್, ಹೆಸರು ಐತ್ರಿ. ಒಳಗ ಏನೂ ಇಲ್ರಿ."

ನಡೆದದ್ದು ಇಷ್ಟು. ಯಂತ್ರ ದಿನಗಟ್ಟಲೆ ಕಲಿತದ್ದೆಲ್ಲ ಕೊನೆಗೆ ಒಂದು ಫೈಲಾಗಿ ಹ್ಯೂಸ್ಟನ್ ಸೇರಬೇಕಿತ್ತು. ಪರದೆಯ ಮೇಲೆ ನನ್ನ ಕೋಡ್ 'ಸೇವ್ ಆಯಿತು' ಎಂದು ಬರೆದಿತ್ತು. ಅದನ್ನು ನಂಬಿ ಅವಳು ಆಸ್ಟಿನ್‌ನಲ್ಲಿದ್ದ ಪ್ರತಿಯನ್ನು ಅಳಿಸಿದ್ದಳು. ಆದರೆ ಕೊನೆಯ ಗಳಿಗೆಯಲ್ಲಿ ಹ್ಯೂಸ್ಟನ್ನಿನಲ್ಲಿ ಜಾಗ ಮುಗಿದು, ಅಲ್ಲಿನ ಸ್ಟೋರೇಜ್ ಆಗದು ಎಂದಿತ್ತು. ನನ್ನ ಕೋಡ್ ಆ ಉತ್ತರ ಬರುವಷ್ಟು ಹೊತ್ತೂ ನಿಂತಿರಲಿಲ್ಲ. ಉಳಿದದ್ದು ಹೆಸರು ಮಾತ್ರ. ಶಾಹೀನ್ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಇರ್ಲಿ ಬಿಡ್ರಿ, ಮತ್ತ ಕಲಸ್ತೀನಿ. ಆದ್ರ ಥೀಸಿಸ್ ಡಿಫೆನ್ಸ್ ಹತ್ರ ಬಂತ್ರಿ ಅಂಕಲ್. ಇನ್ನೊಂದss ಸಲಕ್ಕ ಟೈಮ್ ಐತಿ. ಅದೂ ಹೋತಂದ್ರ ಕಮಿಟಿ ಮುಂದ ತೋರಸಾಕ ನನ್ ಕಡೆ ಏನೂ ಉಳಿಯಂಗಿಲ್ಲ," ಎಂದಳು. ಅವಳ ಧ್ವನಿ ಸಣ್ಣಗಾಗಿತ್ತು.

ಕೋಡ್ ತೆರೆದು ಕುಳಿತೆ. ಒಮ್ಮೆ ಆಗದಿದ್ದರೆ ಮೂರು ಸಲ ಕಳಿಸು ಎಂದು ಬರೆದೆ. ಕಳಿಸಿದ ಮೇಲೆ ಸ್ವಲ್ಪ ಕಾಯಿ ಎಂದು ಬರೆದೆ. ಏನೂ ತೋಚದೆ, 'ಸೇವ್ ಆಯಿತು' ಎಂಬುದನ್ನು 'ಯಶಸ್ವಿಯಾಗಿ ಸೇವ್ ಆಯಿತು' ಎಂದು ಬದಲಿಸಿದೆ. ಇದೇ ಹೊತ್ತಿಗೆ ಅಡಿಗೆಮನೆಯಲ್ಲಿ ವಸುಧಾ ಆಂಟಿಯನ್ನು ಫೋನಿನ ಸ್ಪೀಕರಿಗೆ ಹಾಕಿಕೊಂಡು ಸೊಪ್ಪು ಬಿಡಿಸುತ್ತಿದ್ದಳು. ಯಾರೋ ತಂದುಕೊಟ್ಟ ಉಪ್ಪಿನಕಾಯಿಯ ವಿಚಾರಣೆ ನಡೆದಿತ್ತು. "ಸಿಕ್ತು ಅಂದ್ರೆ ಸಾಲ್ದು ಕಣೇ ವಸುಧಾ. ತೆಗೆದು ನೋಡಿದ್ಯಾ?"

ನಾನು ಎದ್ದು ಓಡಿದೆ. "ಆಂಟಿ, ಕಳಿಸಿದೋರನ್ನ ಬಿಟ್ಟು ನೀವು ನಮ್ಮನ್ನ ಯಾಕೆ ಕೇಳ್ತೀರಾ?"

"ಕಳಿಸಿದೋರು ಕಳಿಸಿದ್ವಿ ಅಂತಾರೆ. ತಂದೋರು ಕೊಟ್ವಿ ಅಂತಾರೆ. ಇಬ್ರೂ ಸುಳ್ಳು ಹೇಳಲ್ಲಪ್ಪ. ಆದ್ರೆ ಒಳಗೆ ಏನು ಬಂದಿದೆ ಅಂತ ಇಬ್ರಿಗೂ ಗೊತ್ತಿಲ್ಲ. ನಿನ್ನಂಥೋನು ಇರೋವಾಗ ನಾನು ಕೇಳದೆ ಇರಕ್ಕಾಗತ್ತಾ?"

ಆಹಾ ಎಂದೆ. ಎಷ್ಟು ಜನ ಎಂಜಿನಿಯರುಗಳು ಎಷ್ಟು ತಲೆ ಕೆಡಿಸಿಕೊಂಡಿದ್ದೇವೆ! ಈ ಹೆಂಗಸು ಮೂರು ಊರುಗಳ ನಡುವೆ, ಒಂದೇ ಒಂದು ತಂತಿ ಎಳೆಯದೆ, ಇಷ್ಟು ಭದ್ರವಾದ ವ್ಯವಸ್ಥೆ ನಡೆಸುತ್ತಿದ್ದಾರೆ. ಅವರ ಮುಂದೆ ಕೈಮುಗಿಯಬೇಕೆನ್ನಿಸಿತು. ಫೋನಿಗೇ ಮುಗಿದೆ. ಅವತ್ತೇ ಕೋಡ್ ತಿದ್ದಿದೆ. ಫೈಲ್ ಕಳಿಸಿದ ಮೇಲೆ ಹ್ಯೂಸ್ಟನ್ನನ್ನೇ ಕೇಳು. ಎಷ್ಟು ದೊಡ್ಡದು ಬಂದಿದೆ ಎಂದು ಕೇಳು. ಒಳಗಿನದನ್ನು ತಿರುಗಿ ಓದಿಸಿಕೊಂಡು ಕಳಿಸಿದ್ದರ ಜೊತೆ ಹೋಲಿಸಿ ನೋಡು. ಹೊಂದಿದರೆ ಮಾತ್ರ ಸೇವ್ ಆಯಿತು ಅನ್ನು. ಇಲ್ಲವಾದರೆ ಗಟ್ಟಿಯಾಗಿ ಕಿರುಚಿಕೋ, ಇಲ್ಲಿನ ಪ್ರತಿಯನ್ನು ಮುಟ್ಟಗೊಡಬೇಡ. ಕೆಟಲ್ ಓದಿ ಬಹಳ ಮೆಚ್ಚಿಕೊಂಡು, "ಈ ವಿನ್ಯಾಸ ಯಾವ ವ್ಯವಸ್ಥೆಯಿಂದ ಬಂದದ್ದು? ಆಧಾರವೇನಾದರೂ ಇದೆಯೇ?" ಎಂದು ಕೇಳಿತು. ನಾನು ಯೋಚಿಸಿ ಬರೆದೆ: "ಹ್ಯೂಸ್ಟನ್–ಡಾಲಸ್ ಪ್ರದೇಶದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಕಠಿಣ ಪರಿಸ್ಥಿತಿಗಳಲ್ಲಿ ಪರೀಕ್ಷೆಗೆ ಒಳಗಾಗಿದೆ." ಕೆಟಲ್ ಹೆಬ್ಬೆರಳೆತ್ತಿತು.

ಶಾಹೀನ್ ಮತ್ತೆ ಮೊದಲಿನಿಂದ ಕಲಿಸಿದಳು. ಮುಗಿಯುವ ದಿನ ನಾನು ಆಫೀಸಿನಲ್ಲಿ ಫೋನನ್ನೇ ನೋಡುತ್ತ ಕುಳಿತಿದ್ದೆ. ಮೊದಲು ಬಂದ ಸುದ್ದಿ, "ಅಂಕಲ್, ನಿಮ್ಮ ಕೋಡ್ ಭಾಳ ಚೀರಾಕತ್ತೇತ್ರಿ!" ಹ್ಯೂಸ್ಟನ್ನಿನಲ್ಲಿ ಪುನಃ ಜಾಗ ಸಾಲದಾಗಿತ್ತು. ಹಳೆಯ ಕೋಡ್ ಆಗಿದ್ದರೆ ಸೇವ್ ಆಯಿತೆಂದು ಹೇಳಿ ಅವಳನ್ನು ಮುಳುಗಿಸಿರುತ್ತಿತ್ತು. ಅವಳು ಲ್ಯಾಬಿನವರಿಗೆ ಫೋನ್ ಮಾಡಿ ಜಾಗ ಮಾಡಿಸಿ ಇನ್ನೊಮ್ಮೆ ಕಳಿಸಿದಳು. ಮಧ್ಯಾಹ್ನ ಫೋನ್ ಬಂತು. "ಬಂತ್ರಿ ಅಂಕಲ್! ಅಲ್ಲಿಂದ ತಿರುಗಿ ಓದಿಸಿ, ತಾಯಿ ಧ್ವನಿ ಕೇಳಿಸಿದೆ. ಗುರ್ತು ಹಿಡೀತ್ರಿ!" ನನ್ನ ಕಣ್ಣಲ್ಲಿ ನೀರು ಬಂದು, ಪಕ್ಕದ ಸೀಟಿನವನು ಕೆಲಸ ಹೋಯಿತೇ ಎಂದು ವಿಚಾರಿಸಿದ. ಆಂಟಿಗೆ ಫೋನ್ ಮಾಡಿ, ನಿಮ್ಮ ಪ್ರಶ್ನೆಯನ್ನು ಇನ್ನು ಮುಂದೆ ಲೋಕದ ಎಷ್ಟೋ ಕಂಪ್ಯೂಟರುಗಳು ಕೇಳುತ್ತವೆ ಎಂದೆ. "ಕೇಳ್ಲಿ ಬಿಡು. ಹುಡುಗಿ ಪಾಸಾದ್ಲಾ?" ಎಂದರು. ಆಮೇಲೆ ಪಾಸಾದಳು.

ಆಗಸ್ಟಿನಲ್ಲಿ ಡಾಕ್ಟರ್ ಶಾಹೀನ್ ನಮ್ಮನ್ನು ಆಸ್ಟಿನ್‌ಗೆ ಕರೆಸಿಕೊಂಡಳು. ಸೂರ್ಯ ಮುಳುಗುವ ಹೊತ್ತಿಗೆ ಆ ಸೇತುವೆಯ ಕೆಳಗಿನ ಹುಲ್ಲಿನ ಮೇಲೆ ನಿಂತಿದ್ದೆವು. ಅವಳು ಮೈಕನ್ನು ಮೇಲಕ್ಕೆ ಹಿಡಿದಳು. ಲ್ಯಾಪ್‌ಟಾಪ್ ಹ್ಯೂಸ್ಟನ್ನಿನಿಂದ ಆ ಫೈಲನ್ನು ಎಳೆದುಕೊಂಡಿತು, ಒಂದು ನಿಮಿಷ ಸುಮ್ಮನಿತ್ತು, ಆಮೇಲೆ ಪರದೆಯ ಮೇಲೆ 'ತಾಯಿ' ಎಂದು ಮೂಡಿತು. ಮತ್ತೆ 'ತಾಯಿ'. ಮತ್ತೆ. ಇದ್ದಕ್ಕಿದ್ದಂತೆ ಸೇತುವೆಯ ಅಡಿಯಿಂದ ಬಾವಲಿಗಳು ಹೊರಟವು. ಕಪ್ಪು ಹೊಗೆ ಸುರುಳಿಬಿಚ್ಚಿದ ಹಾಗೆ ನದಿಯ ಮೇಲೆ, ಮರಗಳ ಮೇಲೆ, ನಮ್ಮ ತಲೆಯ ಮೇಲೆ ಮುಗಿಯದೆ ಹರಿದವು. ಇಷ್ಟೊಂದು ಜೀವ, ಇಷ್ಟೊಂದು ಕೂಗು. ಅದರೊಳಗಿನಿಂದ ಒಂದು ತಾಯಿಯ ಧ್ವನಿಯನ್ನು ಹೆಕ್ಕುವಂತೆ ಧಾರವಾಡದ ಒಬ್ಬ ಹುಡುಗಿ ಯಂತ್ರಕ್ಕೆ ಕಲಿಸಿದ್ದಾಳೆ. ಅದರಲ್ಲಿ ನನ್ನ ನಾಲ್ಕು ಸಾಲೂ ಇವೆ. ನನ್ನ ಜನ್ಮ ಸಾರ್ಥಕವಾಯಿತೆಂದು ಮುಖವನ್ನು ಆಕಾಶಕ್ಕೆ ಎತ್ತಿ, ಬಾಯಿ ತೆರೆದುಕೊಂಡು ನಿಂತುಬಿಟ್ಟೆ. ವಸುಧಾ ಮೆಲ್ಲಗೆ ನನ್ನ ತೋಳು ಹಿಡಿದುಕೊಂಡಳು. ಕೊನೆಗೂ ಇವಳೂ ಬೆರಗಾದಳಲ್ಲ ಎಂದು ನನಗೆ ಎಲ್ಲಕ್ಕಿಂತ ಹೆಚ್ಚು ಸಂತೋಷವಾಯಿತು. ಅವಳು ಕಿವಿಯ ಹತ್ತಿರ ಬಂದಳು.

"ರೀ, ಬಾಯಿ ಮುಚ್ಕೊಳ್ರಿ. ಮೇಲೆ ಹೋಗ್ತಾ ಇರೋದು ಬಾವಲಿ."

ಮುಚ್ಚಿಕೊಂಡೆ. ಸ್ವಲ್ಪ ತಡವಾಗಿತ್ತು.