ನಾಲ್ಕು ತಾಲೂಕಿನ ಗಡ್ಡ

ಗಡ್ಡ ಬೋಳಿಸುವ ವಿಷಯದಲ್ಲಿ ಇಡೀ ಗಂಡುಕುಲ ತಲೆತಲಾಂತರದಿಂದ ಮೋಸ ಹೋಗುತ್ತ ಬಂದಿದೆ, ಆ ಮೋಸವನ್ನು ಹಾನಗಲ್ಲಿನ ತನ್ನ ಬಚ್ಚಲುಮನೆಯಲ್ಲೇ ಬಯಲಿಗೆಳೆಯುತ್ತೇನೆ ಎಂದು ಫಕ್ಕೀರೇಶ ಶನಿವಾರ ಊಟದ ತಾಟಿನ ಮುಂದೆ ಕುಳಿತು ಘೋಷಿಸಿದ.

ಅವನೇನು ಸಾಮಾನ್ಯನೇ? ಸೊಸೈಟಿಯಲ್ಲಿ ಇಪ್ಪತ್ತಾರು ವರ್ಷ ಗೊಬ್ಬರದ ಚೀಲ ಎಣಿಸಿದ ಗುಮಾಸ್ತ! ಮಾಲತೇಶನ ಕಟಿಂಗ್ ಅಂಗಡಿಯಲ್ಲಿ ಗಡ್ಡದ ದರ ಐವತ್ತರಿಂದ ಅರವತ್ತಕ್ಕೆ ಜಿಗಿದ ದಿನವೇ ಅವನೊಳಗಿನ ಸಂಶೋಧಕ ಎದ್ದು ಕುಳಿತಿದ್ದ.

"ಹತ್ತ ರೂಪಾಯಿ ಹೆಚ್ಚಿಗಿ ಯಾಕಪಾ ಮಾಲತೇಶಾ?"

"ಎಸಿ ಹಾಕಿಸೇನ್ರಿ ಅಣ್ಣಾರ."

"ಗಡ್ಡಕ್ಕೂ ಸೆಕಿ ಆಗ್ತೈತೇನಲೇ?"

ಅಂದೇ ಅಂಗಡಿಯ ಮೆಟ್ಟಿಲಿಳಿದು ಬಂದವನು, ಪೇಟೆಯಲ್ಲಿದ್ದ ಕ್ಷೌರದ ಆಯುಧಗಳನ್ನೆಲ್ಲ ಒಂದೊಂದಾಗಿ ಮನೆಗೆ ತಂದು ಶಸ್ತ್ರಾಗಾರ ಕಟ್ಟಿದ್ದ. ಇನ್ನು ಯುದ್ಧವೊಂದೇ ಬಾಕಿ. ಹೆಂಡತಿ ಮಲ್ಲಿಕಾ ಮಾತ್ರ ಈ ಮಹಾಕಾರ್ಯಕ್ಕೆ ಸಾಕ್ಷಿಯಾಗುವ ಭಾಗ್ಯ ಪಡೆದಿರಲಿಲ್ಲ. ತಮ್ಮನ ಕೂಸಿನ ತೊಟ್ಟಿಲ ಕಾರ್ಯಕ್ಕೆಂದು ಹಿರೇಕೆರೂರಿನ ತವರಿಗೆ ಹೊರಟಿದ್ದಳು.

"ಗಡ್ಡದ ಜೋಡಿ ಏನರ ಮಾಡ್ಕೋರಿ," ಎಂದಳು ಚೀಲದ ಜಿಪ್ ಎಳೆಯುತ್ತ. "ಮೀಸಿ ತಂಟೆಕ್ಕ ಮಾತ್ರ ಹೋಗಬ್ಯಾಡ್ರಿ. ಮಾವಾರು ಇನ್ನೂ ಗಟ್ಟಿ ಅದಾರ."

"ಅಷ್ಟೂ ತಿಳಿಯಂಗಿಲ್ಲೇನ ನನಗ?"

"ತಿಳಿತೈತಿ. ಮಾಡೂ ಮುಂದ ನೆನಪಿರಂಗಿಲ್ಲ, ಅಷ್ಟ."

ಅವಳ ಎಚ್ಚರಿಕೆಗೆ ಕಾರಣವಿತ್ತು. ಆ ಮನೆತನದ ಗಂಡಸರು ಮೀಸೆ ತೆಗೆಯುವುದು ತಂದೆ ತೀರಿಕೊಂಡಾಗ ಮಾತ್ರ. ಫಕ್ಕೀರೇಶನ ತಂದೆ ಲಕ್ಷ್ಮಪ್ಪ ಎಂಬತ್ತಮೂರರಲ್ಲೂ ದುಂಡಸಿಯಲ್ಲಿ ಕಿರಿಮಗನ ಸಂಸಾರದ ನಡುವೆ ಹುರಿಮೀಸೆ ತಿರುವುತ್ತ ದರ್ಬಾರು ನಡೆಸುತ್ತಿದ್ದರು. ಆ ಮೀಸೆ ನೋಡಿ "ಸಾಕ ಬಿಡ್ರಿ, ವಯಸ್ಸಾತು" ಎಂದ ತಪ್ಪಿಗೆ ಅಳಿಯನೊಬ್ಬನನ್ನು ಒಂಬತ್ತು ವರ್ಷದಿಂದ ಮಾತಾಡಿಸಿರಲಿಲ್ಲ! ಇನ್ನು ತಾವು ಉಸಿರಾಡುತ್ತಿರುವಾಗಲೇ ಹಿರಿಮಗನ ತುಟಿ ಬೋಳಾದದ್ದು ಕಂಡರೆ, ಆ ಮಗನಿಗೆ ದುಂಡಸಿಯ ಹೊಸ್ತಿಲು ಕಾಯಂ ಬಂದ್.

ಭಾನುವಾರ ಮುಂಜಾನೆ ಫಕ್ಕೀರೇಶ ಕನ್ನಡಿಯೆದುರು ನಿಂತು ತನ್ನ ಮುಖವನ್ನು ನಾಲ್ಕು ತಾಲೂಕುಗಳಾಗಿ ವಿಂಗಡಿಸಿದ. ಬಲಗೆನ್ನೆ ಹಾನಗಲ್. ಅಲ್ಲಿಗೆ ಅಜ್ಜನ ಕಾಲದ ಉಕ್ಕಿನ ರೇಜರು, ಐದು ರೂಪಾಯಿಯ ಬ್ಲೇಡು. ಎಡಗೆನ್ನೆ ಸವಣೂರು. ನವಾಬರ ಸೀಮೆಯಾದ್ದರಿಂದ ಇನ್ನೂರೆಪ್ಪತ್ತು ರೂಪಾಯಿಯ, ಐದು ಬ್ಲೇಡು ಒಟ್ಟಿಗೇ ಹೊಂದಿದ ರೇಜರು. ಗದ್ದ ಶಿಗ್ಗಾಂವಿ. ಅದಕ್ಕೆ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನದು. ಕತ್ತು ಹಿರೇಕೆರೂರು. ಹೆಂಡತಿಯ ತವರಲ್ಲವೇ, ಸಾವಿರದ ಮುನ್ನೂರರ ಟ್ರಿಮ್ಮರಿಗಿಂತ ಕಡಿಮೆಯದು ಕೊಟ್ಟರೆ ಮರ್ಯಾದೆಯಲ್ಲ! ಮೀಸೆ ಯಾವ ತಾಲೂಕಿಗೂ ಸೇರದ ಸ್ವತಂತ್ರ ಸಂಸ್ಥಾನ.

ಪಕ್ಕದಲ್ಲಿ ನೋಟ್‌ಬುಕ್ಕು. ಮೂರು ಅಂಕಣ: ಖರ್ಚು, ಸುಖ, ರಕ್ತ.

ಹಾನಗಲ್ಲಿನಲ್ಲಿ ಎರಡು ಕಡೆ ರಕ್ತಪಾತವಾದರೂ ಬೇಗನೇ ಶಾಂತಿ ನೆಲೆಸಿತು. ಸವಣೂರು ಬೆಣ್ಣೆ ಸವರಿದಂತೆ ನುಣ್ಣಗಾಯಿತು, ಆದರೆ ದರ ನೆನೆದಾಗಲೆಲ್ಲ ಆ ಕಡೆಯ ಕೆನ್ನೆಯೇ ಉರಿಯುತ್ತಿತ್ತು. ಶಿಗ್ಗಾಂವಿಯ ಪ್ಲಾಸ್ಟಿಕ್ಕು ಕೂದಲು ಕತ್ತರಿಸುವ ಬದಲು ಒಂದೊಂದನ್ನೂ ಹಿಡಿದು ವಿಚಾರಣೆ ನಡೆಸಿತು. ಹಿರೇಕೆರೂರಿನಲ್ಲಿ ಟ್ರಿಮ್ಮರು ಗುಂಯ್‌ಗುಟ್ಟುತ್ತ ಸೊಗಸಾಗಿ ಓಡಾಡಿತು. ಆ ಸುಖಕ್ಕೆ ಮೈಮರೆತ ಫಕ್ಕೀರೇಶ, ಮೀಸೆಯಿಂದ ಗಡಿ ದಾಟಿ ಸವಣೂರಿನೊಳಗೆ ನುಸುಳಿದ್ದ ಎರಡೇ ಎರಡು ಕೂದಲನ್ನು ಕಂಡ. ಟ್ರಿಮ್ಮರನ್ನು ಮೇಲಕ್ಕೆ ಒಯ್ದ.

ಅಷ್ಟರಲ್ಲಿ ಅದರ ಮುಂದಿನ ಹಣಿಗೆ ಕಳಚಿ ಬಕೆಟ್ಟಿಗೆ ಬಿತ್ತು. ಗರ್ರ್!

ಎಡಮೀಸೆಯ ಕಾಲುಭಾಗ ಮಾಯ! ಸರಿದೂಗಿಸಲು ಬಲಗಡೆ ಕಾಲುಭಾಗ ತೆಗೆದ. ಬಲ ಹೆಚ್ಚಾಯಿತು. ಎಡಕ್ಕೆ ಬಂದ. ಎಡ ಸೊಟ್ಟಾಯಿತು. ಹತ್ತು ನಿಮಿಷದಲ್ಲಿ ಸಂಸ್ಥಾನ ಮೂಗಿನ ಕೆಳಗಿನ ಒಂದು ಹೋಬಳಿಗೆ ಇಳಿಯಿತು. ಇದನ್ನು ಹೊತ್ತು ತಿರುಗುವುದಕ್ಕಿಂತ ಪೂರ್ತಿ ವಿಲೀನವೇ ಲೇಸೆಂದು ಕಣ್ಣು ಮುಚ್ಚಿ ಉಕ್ಕಿನ ರೇಜರು ಎಳೆದ.

ಕಣ್ಣು ತೆರೆದರೆ ಕನ್ನಡಿಯಲ್ಲಿ ಯಾರೋ ಅಪರಿಚಿತ ಕಳ್ಳ! ಆದರೆ ಎಣಿಸಿ ಪಳಗಿದ ತಲೆ ಕೂಡಲೇ ಸಮಾಧಾನ ಹುಡುಕಿತು. ಹೆಂಡತಿ ಹಿರೇಕೆರೂರಿನಲ್ಲಿ, ಅಪ್ಪ ದುಂಡಸಿಯಲ್ಲಿ. ಹಾನಗಲ್ಲಿನಲ್ಲಿ ನೋಡುವವರು ಯಾರು? ಎರಡು ತಿಂಗಳು ದುಂಡಸಿಯ ದಿಕ್ಕಿಗೆ ತಲೆ ಹಾಕದಿದ್ದರಾಯಿತು. ಮೇಲಾಗಿ ಫಲಿತಾಂಶ ಕೈಯಲ್ಲಿತ್ತು: ಅಜ್ಜನ ರೇಜರಿಗೆ ಜಯ! ಒಂದು ಬ್ಲೇಡು ಎರಡು ಸಲ ಬರುತ್ತದೆ, ಅಂದರೆ ಒಂದು ಗಡ್ಡಕ್ಕೆ ಎರಡೂವರೆ ರೂಪಾಯಿ!

ಸೋಮವಾರ ಈ ಜಯದ ಅಮಲಿನಲ್ಲೇ ಶೇಖಸಾಬನ ಚಹಾದಂಗಡಿ ಹೊಕ್ಕ. ಶೇಖಸಾಬ ಅವನ ಮುಖ ನೋಡಿದವನೇ ಕುದಿಯುವ ಚಹಾ ಬಿಟ್ಟು ಹೊರಗೆ ಬಂದ.

"ಯಾವಾಗ ಆತ್ರಿ ಅಣ್ಣಾರ?"

"ನಿನ್ನೆ ಮುಂಜಾನೆ."

"ಭಾಳ ತ್ರಾಸ ಆತೇನ್ರಿ?"

"ಮೊದಲಿಗೆ ತುಸು ರಕ್ತ ಬಂತು. ತಣ್ಣೀರ ಹಾಕಿದ ಮ್ಯಾಲ ತಣ್ಣಗಾತು."

"ಮಂದಿ ಎಲ್ಲಾ ಬಂದಿದ್ರೇನ್ರಿ?"

"ಮಂದಿ ಯಾಕೋ? ಬಚ್ಚಲದಾಗ ನಾ ಒಬ್ಬನ ಮುಗಿಸಿದೆ! ಖರ್ಚ ಎಷ್ಟ ಬಂತು ಗೊತ್ತೇನು? ಎರಡೂವರಿ ರೂಪಾಯಿ!"

ಶೇಖಸಾಬ ಎರಡು ಹೆಜ್ಜೆ ಹಿಂದೆ ಸರಿದ. ಚಹಾದ ದುಡ್ಡು ಮುಟ್ಟಲಿಲ್ಲ. ಅದು ತನ್ನ ಸಂಶೋಧನೆಗೆ ಸಂದ ಗೌರವವೆಂದೇ ತಿಳಿದು ಫಕ್ಕೀರೇಶ ಸೊಸೈಟಿಗೆ ನಡೆದ.

ಹನ್ನೊಂದಕ್ಕೆ ಫೋನು ಬಂತು. ಮಲ್ಲಿಕಾ. ಮಾತಿಲ್ಲ, ಬರೀ ಅಳು. ಹಿಂದೆ ಬಸ್ಸಿನ ಗದ್ದಲ.

"ಮಾವಾರು ಹೋದದ್ದು ಮಂದಿ ಬಾಯಾಗ ಕೇಳಬೇಕಾತಲ್ರಿ! ನಾ ಏನ ಹೊರಗಿನಾಕಿ ಏನು?"

"ಎಲ್ಲಿಗ ಹೋದ್ರ?"

"ಎಲ್ಲಿಗಂತ ಕೇಳ್ತೀರಲ್ಲ! ಹಾನಗಲ್ಲ ಮಂದಿ ಪೂರಾ ಆಡ್ಕೊಳ್ಳಾಕತ್ತಾರ. ಬಚ್ಚಲದಾಗ ಯಾರೂ ಇಲ್ಲದ ಹೊತ್ತಿನ್ಯಾಗ ಹೋದ್ರಂತ, ನೀವು ಎರಡೂವರಿ ರೂಪಾಯಿದಾಗ ಎಲ್ಲಾ ಮುಗಿಸಿದ್ರಂತ. ನಾ ದುಂಡಸಿ ಹಾದಿ ಹಿಡಿದೇನಿ!"

ಫಕ್ಕೀರೇಶನ ಕೈ ತಾನಾಗಿಯೇ ಮೇಲ್ದುಟಿಗೆ ಹೋಯಿತು. ಶೇಖಸಾಬ ಕೇಳಿದ ಒಂದೊಂದು ಪ್ರಶ್ನೆಯೂ ಈಗ ಅರ್ಥವಾಯಿತು.

"ಮಲ್ಲಿಕಾ, ಅಪ್ಪ ಜೀವಂತ ಅದಾನ! ಮೀಸಿ ಅಷ್ಟ ಹೋಗೇತಿ!"

ಆ ಕಡೆ ಅಳು ಗಕ್ಕನೆ ನಿಂತಿತು.

"ನಾ ಏನ ಹೇಳಿ ಬಂದಿದ್ದೆ ನಿಮಗ?" ಎಂದಳು. ಫೋನು ಕಟ್ಟಾಯಿತು.

ದುಂಡಸಿಯ ತಮ್ಮನಿಗೆ ಫೋನು ಮಾಡಿದರೆ ಅವನದು ಬಿಜಿ. ಎಲ್ಲರೂ ಅವನಿಗೇ ಮಾಡುತ್ತಿರಬೇಕು! ಅಪ್ಪನ ಕಿವಿಗೆ ಸುದ್ದಿ ಬೀಳುವ ಮೊದಲೇ ಕಾಲಿಗೆ ಬೀಳುವುದೊಂದೇ ದಾರಿಯೆಂದು ಫಕ್ಕೀರೇಶ ಮುಖಕ್ಕೆ ವಸ್ತ್ರ ಸುತ್ತಿಕೊಂಡು ಶಿಗ್ಗಾಂವಿ ಬಸ್ಸು ಹಿಡಿದ. ಟಿಕೆಟ್ಟಿಗೆ ಬಾಯಿ ತೆರೆಯಲು ವಸ್ತ್ರ ಸರಿಸಿದ್ದೇ ತಪ್ಪಾಯಿತು. ಕಂಡಕ್ಟರು ಅವನ ತುಟಿ ನೋಡಿ, ಮುಂದಿನ ಸೀಟಿನಲ್ಲಿದ್ದವನನ್ನು ಎಬ್ಬಿಸಿ, "ನೀವು ಕುಂಡ್ರಿ, ಪಾಪ, ಎಲ್ಲಾರೂ ಒಂದಿನ ಹೋಗೂವರ್ರಿ" ಎಂದ. ಜೀವಮಾನದಲ್ಲೇ ಮೊದಲ ಬಾರಿಗೆ ಕಿಟಕಿಯ ಸೀಟು ಸಿಕ್ಕಿದರೂ ಫಕ್ಕೀರೇಶನಿಗೆ ಖುಷಿಯಾಗಲಿಲ್ಲ.

ಶಿಗ್ಗಾಂವಿಯಲ್ಲಿ ದುಂಡಸಿಯ ಬಸ್ಸು ಹತ್ತಿ ಮನೆ ಮುಟ್ಟುವಷ್ಟರಲ್ಲಿ ಬಾಗಿಲ ಮುಂದೆ ಐವತ್ತು ಮಂದಿ. ಬೀಗರು ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಇಬ್ಬರ ಕೈಯಲ್ಲಿ ಹೂವಿನ ಹಾರ, ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದರು. ಒಂಬತ್ತು ವರ್ಷದಿಂದ ಮಾವ ಮಾತಾಡಿಸದ ಅಳಿಯನೂ ಕಣ್ಣೊರೆಸಿಕೊಳ್ಳುತ್ತ ಬಂದು ಮೂಲೆ ಹಿಡಿದಿದ್ದ. ನಡುವೆ ಕಟ್ಟೆಯ ಮೇಲೆ ಸಾಕ್ಷಾತ್ ಲಕ್ಷ್ಮಪ್ಪ, ತಮ್ಮದೇ ಸಾವಿಗೆ ಬಂದ ಬುತ್ತಿಯ ರೊಟ್ಟಿ ಮುರಿದು ಪಲ್ಯೆಗೆ ಅದ್ದುತ್ತ ಕುಳಿತಿದ್ದರು! ಪಕ್ಕದಲ್ಲಿ ಮಲ್ಲಿಕಾ. ಅವಳು ಗಂಡನನ್ನು ನೋಡಿದ ನೋಟಕ್ಕೆ ಬ್ಲೇಡಿನ ಅಗತ್ಯವೇ ಇರಲಿಲ್ಲ.

"ಬಾರಪಾ," ಎಂದರು ಲಕ್ಷ್ಮಪ್ಪ. "ನನ್ನ ಮಣ್ಣಿಗೆ ಎಲ್ಲಾರಕಿಂತ ಲೇಟ ಬಂದಿ."

"ಅಪ್ಪಾ, ಅದು..."

"ವಸ್ತ್ರ ತಗಿ."

ತೆಗೆದ. ಐವತ್ತು ಮಂದಿ ಒಟ್ಟಿಗೇ ಉಸಿರೆಳೆದುಕೊಂಡರು.

"ಎರಡೂವರಿ ರೂಪಾಯಿದಾಗ ಮುಗಿಸಿದ್ಯಂತ ನನ್ನ?"

ಫಕ್ಕೀರೇಶ ಎಲ್ಲವನ್ನೂ ಒಪ್ಪಿಸಿದ. ಮಾಲತೇಶನ ಎಸಿ, ನಾಲ್ಕು ತಾಲೂಕು, ಬಕೆಟ್ಟಿಗೆ ಬಿದ್ದ ಹಣಿಗೆ.

"ನಿನ್ನ ಕೇಡ ಬಯಸಿ ಮಾಡಿಲ್ಲಪಾ. ಕೈ ಜಾರಿತು. ಹೊರಗ ಹಾಕಬ್ಯಾಡ."

ಲಕ್ಷ್ಮಪ್ಪ ಕೈ ತೊಳೆದು, ಕೋಲೂರಿ ಎದ್ದರು. ಮೂಲೆಯಲ್ಲಿದ್ದ ಅಳಿಯ ತನಗೊಬ್ಬ ಜೊತೆಗಾರ ಸಿಕ್ಕನೆಂಬ ಆಸೆಯಿಂದ ಕತ್ತು ಚಾಚಿದ. ಮುದುಕರು ಮಗನ ಎದುರು ಬಂದು ನಿಂತರು, ಗದ್ದ ಹಿಡಿದು ಮುಖ ಎತ್ತಿದರು, ಒರಟು ಹೆಬ್ಬೆರಳಿನಿಂದ ಅವನ ಬೋಳು ಮೇಲ್ದುಟಿಯನ್ನು ಆ ಕಡೆಯಿಂದ ಈ ಕಡೆಗೆ ಸವರಿದರು.

"ತಿರುಗಿ ಬೆಳ್ಯಾಕ ಎಷ್ಟ ದಿನ ಬೇಕು?"

"ಎರಡು ತಿಂಗಳರ ಬೇಕಪಾ."

ಲಕ್ಷ್ಮಪ್ಪ ಮಂದಿಯ ಕಡೆ ತಿರುಗಿ ಕೋಲೆತ್ತಿದರು.

"ಕೇಳಿದ್ರಿಲ್ಲೋ? ಎಲ್ಲಾರೂ ಉಂಡು ಮನಿಗೆ ನಡೀರಿ! ಇನ್ನ ಎರಡು ತಿಂಗಳು ನಾ ಸಾಯೂ ಹಂಗಿಲ್ಲ. ಸತ್ರ, ಇಂವ ಬೋಳಸಾಕ ಏನರ ಇರಬೇಕಲ್ಲ!"

ಅಂಗಳವೆಲ್ಲ ನಕ್ಕಿತು. ಮಲ್ಲಿಕಾ ಕೂಡ ಸೆರಗು ಬಾಯಿಗೊತ್ತಿಕೊಂಡಳು. ಆ ಗದ್ದಲದ ನಡುವೆ ಲಕ್ಷ್ಮಪ್ಪ ಬಾಗಿ, ಮಗನ ಕಿವಿಗೆ ಮಾತ್ರ ಕೇಳುವಂತೆ ಹೇಳಿದರು.

"ಅವಸರ ಮಾಡಬ್ಯಾಡಪಾ. ಸಾವಕಾಶ ಬೆಳೀಲಿ."